ಒಳಗೋಡೆಯ ಬಣ್ಣ: ಡಬ್ಬಿ ಹೇಳುವುದೇನು, ಹೇಳದಿರುವುದೇನು?

ಯುಗಾದಿಯೋ ದೀಪಾವಳಿಯೋ ಹತ್ತಿರವಾದಾಗ, ಇಲ್ಲವೇ ಮನೆಯಲ್ಲಿ ಮದುವೆ ನಿಶ್ಚಯವಾದಾಗ, ಗೋಡೆಗಳಿಗೆ ಬಣ್ಣ ಹೊಡೆಸುವ ಮಾತು ಬರುತ್ತದೆ. ಆಗ ನಮ್ಮ ಕೈಗೆ ಮೂರು ಬಗೆಯ ಬರಹಗಳು ಸಿಗುತ್ತವೆ. ಒಂದು, ನೂರಾರು ಬಣ್ಣದ ಚೌಕಗಳಿರುವ ಶೇಡ್ ಕಾರ್ಡು. ಎರಡು, ನಗುತ್ತಿರುವ ಕುಟುಂಬದ ಚಿತ್ರವಿರುವ ಪ್ರಚಾರ ಪತ್ರ. ಮೂರು, ಡಬ್ಬಿಯ ಮೇಲಿನ ಲೇಬಲ್ಲು. ಹೊಸ ಪುಸ್ತಕ ಬಂದರೆ ಅದನ್ನು ಓದಿ ಗುಣದೋಷಗಳನ್ನು ಹೇಳುವ ಪದ್ಧತಿ ನಮ್ಮಲ್ಲಿದೆ. ಹತ್ತಾರು ಸಾವಿರ ರೂಪಾಯಿಗಳ ಖರ್ಚನ್ನು ನಿರ್ಧರಿಸುವ ಈ ಮೂರು ಬರಹಗಳನ್ನು ಮಾತ್ರ ಯಾರೂ ವಿಮರ್ಶೆಗೆ ಒಳಪಡಿಸುವುದಿಲ್ಲ. ಈ ಲೇಖನದಲ್ಲಿ ಆ ಕೆಲಸವನ್ನು ಮಾಡೋಣ. ಇದು ಯಾವುದೇ ಒಂದು ಕಂಪನಿಯ ಮೇಲಿನ ಟೀಕೆಯಲ್ಲ. ಮಾರುಕಟ್ಟೆಯಲ್ಲಿ ರೂಢಿಯಾಗಿರುವ ಬರವಣಿಗೆಯ ಕ್ರಮವನ್ನು ವಿಜ್ಞಾನದ ಅಳತೆಗೋಲಿನಿಂದ ನೋಡುವ ಪ್ರಯತ್ನ.

ನನ್ನ ಆಕ್ಷೇಪಣೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈ ಮೂರು ಬರಹಗಳೂ ಬಣ್ಣದ ಅಂದವನ್ನು ಕುರಿತು ಬಹಳ ಹೇಳುತ್ತವೆ. ಗುಣಮಟ್ಟವನ್ನು ಕುರಿತು ಬಹಳ ಕಡಿಮೆ ಹೇಳುತ್ತವೆ. ಗುಣಮಟ್ಟವೆಂಬುದು ನಂಬಿಕೆಯ ಸಂಗತಿಯಲ್ಲ. ಅದನ್ನು ಅಳೆಯಬಹುದು, ಸಂಖ್ಯೆಗಳಲ್ಲಿ ಬರೆಯಬಹುದು. ಆ ಸಂಖ್ಯೆಗಳು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ದೊಡ್ಡ ಕೊರತೆ.

ಡಬ್ಬಿಯ ಒಳಗೆ ಏನಿದೆ?

ಗೋಡೆಗೆ ಬಳಿಯುವ ಯಾವುದೇ ಬಣ್ಣದಲ್ಲಿ ಮುಖ್ಯವಾಗಿ ನಾಲ್ಕು ಘಟಕಗಳಿರುತ್ತವೆ. ಮೊದಲನೆಯದು ವರ್ಣದ್ರವ್ಯ. ಇದು ಗೋಡೆಯನ್ನು ಮರೆಮಾಡಿ ಬಿಳುಪನ್ನೋ ಬಣ್ಣವನ್ನೋ ಕೊಡುವ ಪುಡಿ. ಎರಡನೆಯದು ಬಂಧಕ. ಪುಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿ, ಗೋಡೆಗೂ ಅಂಟಿಸುವ ಪದಾರ್ಥ ಇದು. ಎಮಲ್ಷನ್ ಬಣ್ಣಗಳಲ್ಲಿ ಅಕ್ರಿಲಿಕ್‌ನಂಥ ಪಾಲಿಮರ್ ಈ ಕೆಲಸ ಮಾಡುತ್ತದೆ. ಮೂರನೆಯದು ಭರ್ತಿವಸ್ತು, ಸುಣ್ಣಕಲ್ಲಿನ ಪುಡಿ, ಜೇಡಿ, ಟಾಲ್ಕ್ ಮುಂತಾದವು. ನಾಲ್ಕನೆಯದು ನೀರು ಅಥವಾ ದ್ರಾವಕ. ಇದು ಬಳಿಯುವುದಕ್ಕೆ ಬೇಕು. ಬಳಿದ ಮೇಲೆ ಹಾರಿಹೋಗುತ್ತದೆ. ಇವುಗಳಲ್ಲದೆ ಬೂಷ್ಟು ಬಾರದಂತೆ, ನೊರೆ ಏಳದಂತೆ ನೋಡಿಕೊಳ್ಳುವ ಸಣ್ಣಪುಟ್ಟ ರಾಸಾಯನಿಕಗಳೂ ಇರುತ್ತವೆ.

ಬಡಗಿಗಳು ಬಳಸುವ ಬಿಳಿ ಅಂಟನ್ನು ನೀವು ನೋಡಿರಬಹುದು. ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಬಣ್ಣದಲ್ಲಿರುವ ಬಂಧಕದ ಕಥೆಯೂ ಇದೇ. ನೀರಿನಲ್ಲಿ ತೇಲುವ ಅತಿ ಸಣ್ಣ ಪಾಲಿಮರ್ ಗೋಲಿಗಳು ಬೆಳಕನ್ನು ಚದರಿಸುವುದರಿಂದ ಬಿಳಿಯಾಗಿ ಕಾಣುತ್ತವೆ. ನೀರು ಆರಿದಂತೆ ಗೋಲಿಗಳು ಒತ್ತೊತ್ತಾಗಿ ಸೇರಿ, ಬೆಸೆದು, ಒಂದೇ ಹಾಳೆಯಾಗುತ್ತವೆ. ಬೆಳಕನ್ನು ಚದರಿಸಲು ಆಗ ಗಡಿಗಳೇ ಉಳಿಯುವುದಿಲ್ಲ. ಬಣ್ಣ ಬೆರೆಸಿದ ಎಮಲ್ಷನ್ ಒಣಗಿದ ಮೇಲೆ ಸ್ವಲ್ಪ ಗಾಢವಾಗಿ ಕಾಣುವುದು ಈ ಕಾರಣದಿಂದಲೇ. ಆದ್ದರಿಂದ ಹಸಿ ಬಣ್ಣವನ್ನು ನೋಡಿ ತೀರ್ಪು ಕೊಡಬಾರದು.

ಈ ನಾಲ್ಕರಲ್ಲಿ ಬೆಲೆಬಾಳುವವು ವರ್ಣದ್ರವ್ಯ ಮತ್ತು ಬಂಧಕ. ಅಗ್ಗವಾದವು ಭರ್ತಿವಸ್ತು ಮತ್ತು ನೀರು. ಡಬ್ಬಿಯ ಬೆಲೆ ಇಳಿಸಬೇಕಾದರೆ ಯಾವುದನ್ನು ಕಡಿಮೆ ಮಾಡಿ ಯಾವುದನ್ನು ಹೆಚ್ಚಿಸುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಎಷ್ಟು ಹೆಚ್ಚಿಸಿದ್ದಾರೆ ಎಂಬುದನ್ನು ಮಾತ್ರ ಲೇಬಲ್ಲು ಹೇಳುವುದಿಲ್ಲ.

ಬಿಳುಪಿನ ಭೌತವಿಜ್ಞಾನ

ಗೋಡೆಗೆ ಸುಣ್ಣ ಬಳಿಯುವುದನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹಸಿ ಸುಣ್ಣ ಮಂಕಾಗಿರುತ್ತದೆ, ಹಳೆಯ ಕಲೆಗಳು ಅದರ ಮೂಲಕ ಇಣುಕುತ್ತಿರುತ್ತವೆ. ಒಣಗಿದ ಮೇಲೆ ಅದೇ ಗೋಡೆ ಬೆಳ್ಳಗೆ ಹೊಳೆಯುತ್ತದೆ. ಹೀಗೇಕೆ?

ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಗಡಿಯಲ್ಲಿ ಅದರ ಒಂದಂಶ ಪ್ರತಿಫಲಿಸುತ್ತದೆ. ಎರಡು ಮಾಧ್ಯಮಗಳ ವಕ್ರೀಭವನ ಸೂಚ್ಯಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ಬಂದ ಭಾಗಲಬ್ಧದ ವರ್ಗ ತೆಗೆದರೆ, ಗಡಿಗೆ ಲಂಬವಾಗಿ ಬೀಳುವ ಬೆಳಕಿನಲ್ಲಿ ಪ್ರತಿಫಲಿಸುವ ಅಂಶ ಸಿಗುತ್ತದೆ. ಇದು ಪದವಿ ತರಗತಿಯ ಫ್ರೆನೆಲ್ ಸೂತ್ರ. ಒಣಗಿದ ಸುಣ್ಣವು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಇದರ ವಕ್ರೀಭವನ ಸೂಚ್ಯಂಕ ಸುಮಾರು 1.6, ಗಾಳಿಯದು 1, ನೀರಿನದು 1.33. ಲೆಕ್ಕ ಹಾಕಿ. ಸುಣ್ಣದ ಕಣದ ಸುತ್ತ ಗಾಳಿಯಿದ್ದರೆ ಪ್ರತಿ ಗಡಿಯಲ್ಲೂ ಶೇಕಡ 5ಕ್ಕಿಂತ ಸ್ವಲ್ಪ ಹೆಚ್ಚು ಬೆಳಕು ಹಿಂತಿರುಗುತ್ತದೆ. ನೀರಿದ್ದರೆ ಶೇಕಡ 1ಕ್ಕಿಂತಲೂ ಕಡಿಮೆ. ಅಂದರೆ ಸುಣ್ಣದ ಗೋಡೆಯ ಬಿಳುಪಿಗೆ ಸುಣ್ಣದಷ್ಟೇ ಅದರೊಳಗಿನ ಗಾಳಿಯೂ ಕಾರಣ!

ಈಗ ಎಮಲ್ಷನ್‌ಗೆ ಬನ್ನಿ. ಇಲ್ಲಿ ಕಣಗಳ ಸುತ್ತ ಇರುವುದು ಬಂಧಕ. ಅದರ ಸೂಚ್ಯಂಕ ಸುಮಾರು 1.5. ಕ್ಯಾಲ್ಸಿಯಂ ಕಾರ್ಬೊನೇಟ್ ಕಣವು ಬಂಧಕದಲ್ಲಿ ಮುಳುಗಿದರೆ ಗಡಿಯಲ್ಲಿ ಪ್ರತಿಫಲಿಸುವುದು ಶೇಕಡ 0.1ರಷ್ಟು ಮಾತ್ರ. ಅದು ಹೆಚ್ಚುಕಡಿಮೆ ಮಾಯವಾಗಿಬಿಡುತ್ತದೆ. ಬಂಧಕದಲ್ಲಿ ಮುಳುಗಿಯೂ ಬೆಳಕನ್ನು ಬಲವಾಗಿ ಚದರಿಸಬೇಕಾದರೆ ಬಹಳ ಹೆಚ್ಚಿನ ಸೂಚ್ಯಂಕವಿರುವ ಬಿಳಿ ಪುಡಿ ಬೇಕು. ಅದೇ ಟೈಟಾನಿಯಂ ಡೈಆಕ್ಸೈಡ್. ಇದರ ರೂಟೈಲ್ ಎಂಬ ರೂಪದ ಸೂಚ್ಯಂಕ ಸುಮಾರು 2.7; ಅನಟೇಸ್ ಎಂಬ ರೂಪದ್ದು ಸುಮಾರು 2.55. ಬಂಧಕದಲ್ಲಿರುವ ರೂಟೈಲ್ ಕಣದ ಗಡಿಯಲ್ಲಿ ಶೇಕಡ 8ರಷ್ಟು ಬೆಳಕು ಹಿಂತಿರುಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿಗಿಂತ ಸುಮಾರು 80 ಪಟ್ಟು! ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಕಣಗಳ ಗಾತ್ರ ಬೆಳಕಿನ ತರಂಗಾಂತರಕ್ಕಿಂತ ಚಿಕ್ಕದು. ಆದ್ದರಿಂದ ಚದರಿಕೆಯ ನಿಖರ ಲೆಕ್ಕಕ್ಕೆ ಈ ಸೂತ್ರ ಸಾಲದು; ಆದರೆ ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಹೋಲಿಕೆಗೆ ದಾರಿ ತೋರಿಸುತ್ತದೆ. ಕಣದ ಗಾತ್ರ ಗೋಚರ ಬೆಳಕಿನ ತರಂಗಾಂತರದ ಸುಮಾರು ಅರ್ಧದಷ್ಟು, ಅಂದರೆ 0.2ರಿಂದ 0.3 ಮೈಕ್ರೊಮೀಟರ್ ಇದ್ದಾಗ ಚದರಿಕೆ ಅತ್ಯುತ್ತಮ. ತಯಾರಕರು ಪುಡಿಯನ್ನು ಈ ಗಾತ್ರಕ್ಕೇ ತರುತ್ತಾರೆ. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲಿರುವ ಇಲ್ಮನೈಟ್ ಇದರ ಒಂದು ಮೂಲ ಅದಿರು.

ಹಾಗಾದರೆ ಟೈಟಾನಿಯಂ ಕಡಿಮೆಯಿರುವ ಅಗ್ಗದ ಬಣ್ಣ ಗೋಡೆಯನ್ನು ಹೇಗೆ ಮರೆಮಾಡುತ್ತದೆ? ಸುಣ್ಣದ ಉಪಾಯದಿಂದಲೇ. ಒಂದು ಲೋಟದ ತುಂಬ ಸಾಸಿವೆ ತುಂಬಿ ಅದರ ಮೇಲೆ ನೀರು ಸುರಿದು ನೋಡಿ. ಲೋಟದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ನೀರು ಹಿಡಿಯುತ್ತದೆ. ಕಾಳುಗಳ ನಡುವೆ ಅಷ್ಟು ಸಂದು ಇರುತ್ತದೆ. ಬಣ್ಣದಲ್ಲಿ ಈ ಸಂದುಗಳನ್ನು ಬಂಧಕ ತುಂಬಬೇಕು. ಪುಡಿಯ ಪ್ರಮಾಣ ಒಂದು ಕ್ರಾಂತಿಕ ಮಿತಿಯನ್ನು ಮೀರಿದರೆ, ಇರುವ ಬಂಧಕ ಎಲ್ಲ ಸಂದುಗಳಿಗೂ ಸಾಲುವುದಿಲ್ಲ. ಉಳಿದ ಜಾಗದಲ್ಲಿ ಗಾಳಿ ಸೇರುತ್ತದೆ. ಗಾಳಿಯಿಂದ ಬಿಳುಪು ಬರುತ್ತದೆ, ಮರೆಮಾಚುವಿಕೆಯೂ ಬರುತ್ತದೆ. ಆದರೆ ಆ ಪದರ ಸ್ಪಂಜಿನಂತೆ ಸಚ್ಛಿದ್ರವಾಗಿರುತ್ತದೆ. ಎಣ್ಣೆ ಕೈ ತಾಗಿದರೆ ಹೀರಿಕೊಳ್ಳುತ್ತದೆ, ಒರಗಿದರೆ ಬಟ್ಟೆಗೆ ಪುಡಿ ಅಂಟುತ್ತದೆ, ಒದ್ದೆ ಬಟ್ಟೆಯಿಂದ ಉಜ್ಜಿದರೆ ಬಣ್ಣವೇ ಎದ್ದುಬರುತ್ತದೆ. ಸಾಧಾರಣ ಡಿಸ್ಟೆಂಪರಿಗೂ ಒಳ್ಳೆಯ ಎಮಲ್ಷನ್‌ಗೂ ಇರುವ ವ್ಯತ್ಯಾಸದ ತಿರುಳು ಇದು. ಬಳಿದ ಮರುದಿನ ಎರಡೂ ಒಂದೇ ರೀತಿ ಬೆಳ್ಳಗೆ ಕಾಣಬಹುದು. ಎರಡು ವರ್ಷಗಳ ನಂತರ ಒಂದೇ ರೀತಿ ಕಾಣುವುದಿಲ್ಲ.

‘ಲೀಟರಿಗೆ 140 ಚದರ ಅಡಿ’

ಲೇಬಲ್ಲಿನಲ್ಲಿ ಅಥವಾ ಪ್ರಚಾರ ಪತ್ರದಲ್ಲಿ ಕಾಣುವ ಒಂದೇ ಒಂದು ತಾಂತ್ರಿಕ ಸಂಖ್ಯೆ ಸಾಮಾನ್ಯವಾಗಿ ಇದು: ಒಂದು ಲೀಟರ್ ಬಣ್ಣ ಎಷ್ಟು ಚದರ ಅಡಿಗೆ ಸಾಲುತ್ತದೆ ಎಂಬುದು. ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ. ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ನಯವಾದ ಮೇಲ್ಮೈಯಲ್ಲಿ’ ಎಂಬ ಷರತ್ತು. ಷರತ್ತು ಸರಿಯಾದದ್ದೇ. ನನ್ನ ತಕರಾರು ಬೇರೆ. ಪದರದ ದಪ್ಪವನ್ನು ಹೇಳದೆ ವಿಸ್ತೀರ್ಣವನ್ನು ಮಾತ್ರ ಹೇಳುವುದಕ್ಕೆ ಅರ್ಥವಿಲ್ಲ. ಒಂದು ಚಮಚ ತುಪ್ಪವನ್ನು ಒಂದು ದೋಸೆಗೂ ಸವರಬಹುದು, ನಾಲ್ಕು ದೋಸೆಗೂ ಸವರಬಹುದು.

140 ಚದರ ಅಡಿ ಎಂದರೆ 13 ಚದರ ಮೀಟರ್. ಒಂದು ಲೀಟರ್ ಬಣ್ಣವನ್ನು ಅಷ್ಟು ಜಾಗಕ್ಕೆ ಹರಡಿದರೆ ಹಸಿ ಪದರದ ದಪ್ಪ 77 ಮೈಕ್ರೊಮೀಟರ್. ಇದರಲ್ಲಿ ನೀರೆಲ್ಲ ಆರಿ ಉಳಿಯುವ ಘನಭಾಗ ಗಾತ್ರದಲ್ಲಿ ಶೇಕಡ 35 ಇದ್ದರೆ, ಒಣ ಪದರ 27 ಮೈಕ್ರೊಮೀಟರ್ ಆಗುತ್ತದೆ. ಶೇಕಡ 25 ಮಾತ್ರ ಇದ್ದರೆ 19 ಮೈಕ್ರೊಮೀಟರ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರೊಮೀಟರ್ ಎಂಬುದನ್ನು ನೆನಪಿಡಿ. ಇಷ್ಟು ತೆಳುವಾದ ಪದರದಲ್ಲಿ 8 ಮೈಕ್ರೊಮೀಟರಿನ ವ್ಯತ್ಯಾಸ ಸಣ್ಣದಲ್ಲ.

ಬೆಲೆಯ ಹೋಲಿಕೆಗೂ ಇದೇ ಲೆಕ್ಕ ಬೇಕು. ಉದಾಹರಣೆಗೆ, ಲೀಟರಿಗೆ 180 ರೂಪಾಯಿಯ ‘ಅ’ ಬಣ್ಣದಲ್ಲಿ ಘನಭಾಗ ಶೇಕಡ 25, ಲೀಟರಿಗೆ 400 ರೂಪಾಯಿಯ ‘ಆ’ ಬಣ್ಣದಲ್ಲಿ ಶೇಕಡ 40 ಎಂದಿಟ್ಟುಕೊಳ್ಳಿ. 100 ಚದರ ಮೀಟರ್ ಗೋಡೆಗೆ 60 ಮೈಕ್ರೊಮೀಟರ್ ಒಣ ಪದರ ಬೇಕಾದರೆ 6 ಲೀಟರ್ ಘನಪದಾರ್ಥ ಬೇಕು. ‘ಅ’ ಬಣ್ಣ 24 ಲೀಟರ್ ಬೇಕಾಗಿ 4,320 ರೂಪಾಯಿ ಆಗುತ್ತದೆ. ‘ಆ’ ಬಣ್ಣ 15 ಲೀಟರ್ ಸಾಕಾಗಿ 6,000 ರೂಪಾಯಿ ಆಗುತ್ತದೆ. ಅಂಗಡಿಯಲ್ಲಿ ಎರಡೂಕಾಲು ಪಟ್ಟು ದುಬಾರಿ ಎನಿಸಿದ್ದು ಗೋಡೆಯ ಮೇಲೆ ಒಂದೂವರೆ ಪಟ್ಟೂ ಆಗಲಿಲ್ಲ. ಪೇಂಟರ್ ಕೂಲಿ, ಪುಟ್ಟಿ, ಪ್ರೈಮರ್ ಎರಡಕ್ಕೂ ಒಂದೇ. ‘ಆ’ ಬಣ್ಣ ಎರಡು ವರ್ಷ ಹೆಚ್ಚು ಬಾಳಿದರೆ ಅದೇ ಅಗ್ಗವಾಗಬಹುದು. ಆದರೆ ಘನಭಾಗದ ಗಾತ್ರವೆಷ್ಟು ಎಂದು ಗೊತ್ತಿಲ್ಲದೆ ಈ ಲೆಕ್ಕವನ್ನೇ ಹಾಕುವಂತಿಲ್ಲ. ಹಲವು ತಯಾರಕರ ತಾಂತ್ರಿಕ ಮಾಹಿತಿ ಹಾಳೆಗಳಲ್ಲಿ ಈ ಸಂಖ್ಯೆ ಇರುತ್ತದೆ. ಅಂಗಡಿಯವರಲ್ಲಿ ಆ ಹಾಳೆಯನ್ನು ಕೇಳಿ. ಹಾಳೆಯಲ್ಲಿ ಬರೆಯಬಹುದಾದದ್ದನ್ನು ಡಬ್ಬಿಯ ಮೇಲೆ ಏಕೆ ಬರೆಯಬಾರದು ಎಂಬುದು ನನ್ನ ಪ್ರಶ್ನೆ.

ಇನ್ನೊಂದು ಮಾತು. ಘನಭಾಗ ಹೆಚ್ಚಿದ್ದ ಮಾತ್ರಕ್ಕೆ ಬಣ್ಣ ಒಳ್ಳೆಯದೆಂದಲ್ಲ. ಸುಣ್ಣಕಲ್ಲಿನ ಪುಡಿಯೂ ಘನವೇ. ಆದ್ದರಿಂದ ಘನಭಾಗದಲ್ಲಿ ಬಂಧಕದ ಪಾಲೆಷ್ಟು ಎಂಬ ಎರಡನೆಯ ಸಂಖ್ಯೆಯೂ ಬೇಕು. ಪೇಂಟರ್ ಮಿತಿಮೀರಿ ನೀರು ಬೆರೆಸಿದರೆ ಎಲ್ಲ ಲೆಕ್ಕವೂ ತಲೆಕೆಳಗಾಗುತ್ತದೆ. ಶೇಕಡ 35 ಘನಭಾಗವಿರುವ ಒಂದು ಲೀಟರ್ ಬಣ್ಣಕ್ಕೆ 400 ಮಿಲಿಲೀಟರ್ ನೀರು ಸೇರಿಸಿದರೆ ಘನಭಾಗ ಶೇಕಡ 25ಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲೆ ಬರೆದಿರುವಷ್ಟೇ ನೀರನ್ನು ಅಳೆದು ಹಾಕಿಸಿ.

ಶೇಡ್ ಕಾರ್ಡಿನ ಮಿತಿ

ಶೇಡ್ ಕಾರ್ಡಿನಲ್ಲಿ ತಿಳಿಯಾಗಿ ಕಂಡ ಬಣ್ಣ ಕೋಣೆಯ ತುಂಬ ಬಳಿದಾಗ ‘ಸ್ವಲ್ಪ ಜಾಸ್ತಿಯಾಯಿತು’ ಎನಿಸುವುದು ಸಾಮಾನ್ಯ ಅನುಭವ. ಜನ ಪೇಂಟರನ್ನೋ ಅಂಗಡಿಯವರನ್ನೋ ದೂರುತ್ತಾರೆ. ಕಾರಣ ಭೌತವಿಜ್ಞಾನದಲ್ಲಿದೆ. ಕಾರ್ಡಿನ ಚೌಕದಿಂದ ಬೆಳಕು ಒಮ್ಮೆ ಪ್ರತಿಫಲಿಸಿ ನಿಮ್ಮ ಕಣ್ಣಿಗೆ ಬರುತ್ತದೆ. ಕೋಣೆಯಲ್ಲಾದರೋ ಒಂದು ಗೋಡೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಲವು ಬಾರಿ ಪ್ರತಿಫಲಿಸುತ್ತದೆ. ಪ್ರತಿ ಬಾರಿಯೂ ಗೋಡೆ ತನ್ನ ಬಣ್ಣವನ್ನು ಬೆಳಕಿನ ಮೇಲೆ ಮತ್ತೆ ಒತ್ತುತ್ತದೆ.

ಒಂದು ತಿಳಿ ಕಿತ್ತಳೆ ಬಣ್ಣವು ಕೆಂಪು ಬೆಳಕಿನ ಶೇಕಡ 80 ಭಾಗವನ್ನೂ ನೀಲಿಯ ಶೇಕಡ 50 ಭಾಗವನ್ನೂ ಪ್ರತಿಫಲಿಸುತ್ತದೆ ಎಂದುಕೊಳ್ಳಿ. ಕಾರ್ಡಿನಲ್ಲಿ ಕೆಂಪು ಮತ್ತು ನೀಲಿಯ ಅನುಪಾತ 1.6. ಎಲ್ಲ ಕಡೆಯೂ ಇದೇ ಬಣ್ಣ ಬಳಿದ ಮುಚ್ಚಿದ ಕೋಣೆಯಲ್ಲಿ ಪುನಃಪುನಃ ಪ್ರತಿಫಲನಗಳನ್ನು ಗುಣೋತ್ತರ ಶ್ರೇಢಿಯಾಗಿ ಕೂಡಿದರೆ, ಕೆಂಪಿಗೆ 0.8ನ್ನು 0.2ರಿಂದ ಭಾಗಿಸಿ 4 ಬರುತ್ತದೆ, ನೀಲಿಗೆ 0.5ನ್ನು 0.5ರಿಂದ ಭಾಗಿಸಿ 1 ಬರುತ್ತದೆ. ಅನುಪಾತ 1.6ರಿಂದ 4ಕ್ಕೆ ಏರಿತು! ನಿಜವಾದ ಕೋಣೆಯಲ್ಲಿ ಕಿಟಕಿ, ನೆಲ, ಬಿಳಿ ಚಾವಣಿ ಇರುವುದರಿಂದ ಪರಿಣಾಮ ಇಷ್ಟಿರುವುದಿಲ್ಲ. ಆದರೆ ದಿಕ್ಕು ಇದೇ. ಗುಣೋತ್ತರ ಶ್ರೇಢಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಮನಸ್ಸಿಗೆ ಹಿಡಿಸಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸಿ ಎಂಬ ಅನುಭವಿಗಳ ಸಲಹೆಗೆ ಇದೇ ಆಧಾರ.

ಇದೇ ಲೆಕ್ಕ ವಿದ್ಯುತ್ ಉಳಿತಾಯದ ಪಾಠವನ್ನೂ ಹೇಳುತ್ತದೆ. ಪ್ರತಿಫಲನ ಶೇಕಡ 80 ಇರುವ ಗೋಡೆಗಳ ನಡುವೆ ದೀಪದ ಬೆಳಕು ಆದರ್ಶ ಸ್ಥಿತಿಯಲ್ಲಿ 5 ಪಟ್ಟಾಗುತ್ತದೆ. ಶೇಕಡ 50 ಇದ್ದರೆ 2 ಪಟ್ಟು ಮಾತ್ರ. ತರಗತಿಯ ಕೋಣೆಗಳಿಗೆ ಗಾಢ ಬಣ್ಣ ಹೊಡೆಸುವ ಮುನ್ನ ಶಾಲೆಯವರು ಇದನ್ನು ಯೋಚಿಸಬೇಕು. ಈ ಪ್ರತಿಫಲನಾಂಶವು ಪ್ರತಿ ಚೌಕದ ಕೆಳಗೂ ಮುದ್ರಿಸಬೇಕಾದ ಮೂರನೆಯ ಸಂಖ್ಯೆ. ಚೌಕಗಳಿಗೆ ಕಾವ್ಯಮಯ ಹೆಸರಿಡುವಷ್ಟು ಶ್ರಮವೂ ಇದಕ್ಕೆ ಬೇಡ.

ಇನ್ನು ಅಂಗಡಿಯ ದೀಪದಡಿ ಒಂದೇ ರೀತಿ ಕಂಡ ಎರಡು ಬಣ್ಣಗಳು ಹಗಲು ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು. ದೀಪಗಳ ರೋಹಿತ ಬೇರೆ, ಸೂರ್ಯನ ರೋಹಿತ ಬೇರೆ. ಆದ್ದರಿಂದ ಸಣ್ಣ ಡಬ್ಬಿ ತಂದು, ಎರಡಡಿ ಚೌಕದ ರಟ್ಟಿಗೆ ಎರಡು ಕೋಟು ಬಳಿದು, ಆ ಕೋಣೆಯಲ್ಲೇ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ ನಿರ್ಧರಿಸಿ.

ಪ್ರಚಾರ ಪತ್ರದ ವಿಶೇಷಣಗಳು

ಪ್ರಚಾರ ಪತ್ರಗಳಲ್ಲಿ ಸಂಖ್ಯೆಗಳ ಬರವನ್ನು ವಿಶೇಷಣಗಳು ತುಂಬುತ್ತವೆ. ಕೆಲವನ್ನು ಪರಿಶೀಲಿಸೋಣ.

‘ತೊಳೆಯಬಹುದು’: ಎಷ್ಟು ಸಲ? ಬಣ್ಣವನ್ನು ಒದ್ದೆ ಬ್ರಷ್ಷಿನಿಂದ ನಿರ್ದಿಷ್ಟ ಭಾರದಲ್ಲಿ ಉಜ್ಜಿ, ಎಷ್ಟು ಉಜ್ಜುಗಳಿಗೆ ಪದರ ಸವೆಯಿತು ಎಂದು ಎಣಿಸುವ ಯಂತ್ರಗಳು ಪ್ರಯೋಗಶಾಲೆಗಳಲ್ಲಿವೆ. ಎಣಿಕೆಯನ್ನು ಹೇಳದ ‘ತೊಳೆಯಬಹುದು’ ಎಂಬ ಮಾತು ಪೊಳ್ಳು ಭರವಸೆ.

‘ಮನೆಯನ್ನು ತಂಪಾಗಿಡುತ್ತದೆ’: ಹೊರಗೋಡೆಗೆ, ಅದರಲ್ಲೂ ತಾರಸಿಗೆ ಬಳಿದ ಬಿಳಿ ಬಣ್ಣ ಸೂರ್ಯಪ್ರಕಾಶವನ್ನು ಹಿಂದಕ್ಕೆ ಕಳಿಸಿ ಮನೆಯನ್ನು ತಂಪಾಗಿಡುವುದು ನಿಜ. ಒಳಗೋಡೆಯ ವಿಚಾರದಲ್ಲಿ ಹಾಗಲ್ಲ. ಕಿಟಕಿಯಿಂದ ಒಳಬಂದ ಬೆಳಕು ಕೋಣೆಯೊಳಗೆ ಎಲ್ಲೋ ಒಂದೆಡೆ ಹೀರಲ್ಪಟ್ಟು ಬಹುಪಾಲು ಶಾಖವಾಗಿಯೇ ಉಳಿಯುತ್ತದೆ.

‘ಬ್ಯಾಕ್ಟೀರಿಯಾ ನಿರೋಧಕ’: ಯಾವ ಜೀವಿಯ ಮೇಲೆ, ಎಷ್ಟು ಹೊತ್ತಿನಲ್ಲಿ, ಎಷ್ಟು ಸಲ ತೊಳೆದ ಮೇಲೂ? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಶೇಕಡಾವಾರು ಸಂಖ್ಯೆಗೆ ಬೆಲೆಯಿಲ್ಲ.

‘ವಿಓಸಿ ಕಡಿಮೆ’: ಬೇಗನೆ ಆವಿಯಾಗುವ ಸಾವಯವ ಸಂಯುಕ್ತಗಳಿಗೆ ಈ ಮೂರಕ್ಷರದ ಹೆಸರು. ಹೊಸ ಬಣ್ಣದ ವಾಸನೆಗೆ, ಕೆಲವರಿಗೆ ಬರುವ ತಲೆನೋವು, ಕಣ್ಣುರಿಗೆ ಇವು ಕಾರಣ. ಕಡಿಮೆ ಇರುವುದು ಖಂಡಿತ ಒಳ್ಳೆಯದು. ಆದರೆ ಲೀಟರಿಗೆ ಎಷ್ಟು ಗ್ರಾಂ ಎಂದು ಬರೆದಿದ್ದಾರೆಯೇ ನೋಡಿ. ಆ ಸಂಖ್ಯೆ ಡಬ್ಬಿಯಲ್ಲಿರುವ ಬಿಳಿ ಮೂಲಬಣ್ಣಕ್ಕೆ ಮಾತ್ರವೋ, ಅಂಗಡಿಯ ಯಂತ್ರದಲ್ಲಿ ಬೆರೆಸುವ ಬಣ್ಣದ ದ್ರವವನ್ನೂ ಸೇರಿಸಿಯೋ ಎಂದು ಕೇಳಿ.

ಕಣ್ಣಿಗೆ ಕಾಣದ ಸೀಸ

ಇದುವರೆಗೆ ಹೇಳಿದ್ದು ಹಣದ ಮಾತು. ಈಗ ಹೇಳುವುದು ಮಕ್ಕಳ ಆರೋಗ್ಯದ ಮಾತು. ಬಾಗಿಲು, ಕಿಟಕಿ, ಸರಳುಗಳಿಗೆ ಬಳಿಯುವ ಎಣ್ಣೆ ಆಧಾರಿತ ಎನಾಮೆಲ್ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಬಹುಕಾಲ ಬಳಸಲಾಗುತ್ತಿತ್ತು. ಹಳದಿಗೆ ಸೀಸದ ಕ್ರೋಮೇಟ್, ಬೇಗ ಒಣಗಲು ಸೀಸದ ಬೇರೆ ಲವಣಗಳು. ಗೋಡೆಯ ಎಮಲ್ಷನ್‌ಗಳಿಗಿಂತ ಎನಾಮೆಲ್‌ಗಳಲ್ಲೇ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲೇ ಇದರ ಅಪಾಯ ಹೆಚ್ಚು.

ಸೀಸವು ಮಕ್ಕಳ ಬೆಳೆಯುವ ಮಿದುಳಿಗೆ ಹಾನಿಕಾರಕ. ಇಷ್ಟರವರೆಗೆ ಇದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ವಯಸ್ಕರಿಗಿಂತ 4ರಿಂದ 5 ಪಟ್ಟು ಹೆಚ್ಚನ್ನು ಮಕ್ಕಳ ದೇಹ ಹೀರಿಕೊಳ್ಳುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ಕೆಲವು ಪ್ರಮುಖ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಮೀರಿ ಸೀಸವಿತ್ತು. ಸೀಸ ಬೆರೆತ ಪೆಟ್ರೋಲು ಆಗ ಮುಖ್ಯ ಕಾರಣವಾಗಿತ್ತು. 2000ದಲ್ಲಿ ಆ ಪೆಟ್ರೋಲಿನ ಮಾರಾಟ ನಿಂತಿತು. ಬಣ್ಣದ ಸರದಿ ಬರಲು ಇನ್ನೂ ಹದಿನಾರು ವರ್ಷ ಬೇಕಾಯಿತು.

ಕಟ್ಟಡಗಳ ಒಳಭಾಗಕ್ಕೆ ಬಿಳಿ ಸೀಸ ಬಳಸಬಾರದೆಂಬ ಒಪ್ಪಂದವನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1921ರಲ್ಲೇ ಅಂಗೀಕರಿಸಿತ್ತು. ಅಮೆರಿಕವು ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು 1978ರಲ್ಲಿ ನಿಷೇಧಿಸಿತು. ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ 2016ರಲ್ಲಿ ಹೊರಡಿಸಿತು. 2017ರ ನವೆಂಬರಿನಿಂದ ತಯಾರಕರಿಗೆ ಅದು ಅನ್ವಯವಾಯಿತು. ನಿಯಮ ಒಳ್ಳೆಯದು. ಅದರಲ್ಲಿ ಎರಡು ಬಿರುಕುಗಳಿವೆ. ಒಂದು, ನಿಯಮ ಇರುವುದು ಮನೆಬಳಕೆಯ ಬಣ್ಣಗಳಿಗೆ ಮಾತ್ರ. ಕೈಗಾರಿಕಾ ಬಣ್ಣವನ್ನು ಯಾರಾದರೂ ಕಿಟಕಿಯ ಸರಳಿಗೋ ಶಾಲೆಯ ಜಾರುಬಂಡೆಗೋ ಬಳಿದರೆ ಡಬ್ಬಿಯ ಮೇಲೆ ಆ ಭರವಸೆ ಇರುವುದಿಲ್ಲ. ಎರಡು, ಹೊಸ ನಿಯಮ ಹಳೆಯ ಗೋಡೆಯನ್ನು ಶುದ್ಧಮಾಡುವುದಿಲ್ಲ. 2017ಕ್ಕೆ ಮೊದಲು ಬಳಿದ ಎನಾಮೆಲ್ ಇನ್ನೂ ಸಾವಿರಾರು ಬಾಗಿಲುಗಳ ಮೇಲಿದೆ. ಅದರಲ್ಲಿ ಸೀಸ ಶೇಕಡ 1ರಷ್ಟಿದ್ದರೆ, ಒಂದು ಗ್ರಾಂ ಚಕ್ಕೆಯಲ್ಲಿ 10,000 ಮೈಕ್ರೊಗ್ರಾಂ ಸೀಸ. ಮೇಲೆ ಹೇಳಿದ ರಕ್ತದ ಅಳತೆಯೊಂದಿಗೆ ಇದನ್ನು ಹೋಲಿಸಿ ನೋಡಿ.

ಆದ್ದರಿಂದ ಹಳೆಯ ಎನಾಮೆಲ್ಲನ್ನು ಉಪ್ಪುಕಾಗದದಿಂದ ಒಣಗಿದ್ದಂತೆಯೇ ಉಜ್ಜಿಸಬೇಡಿ, ಬೆಂಕಿಯಿಂದ ಸುಡಿಸಬೇಡಿ. ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಲಿ. ಮಕ್ಕಳು, ಗರ್ಭಿಣಿಯರು ಆ ದಿನಗಳಲ್ಲಿ ಅಲ್ಲಿರಬಾರದು. ಧೂಳನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸ ಮಾಡುವ ಪೇಂಟರ್‌ಗೂ ಇದನ್ನು ತಿಳಿಹೇಳಿ. ದಿನವಿಡೀ ಆ ಧೂಳನ್ನು ಸೇವಿಸುವವರು ಅವರೇ.

ಶಾಲೆಯಲ್ಲೇ ಪರೀಕ್ಷಿಸಿ

ಬಣ್ಣಗಳ ಪರೀಕ್ಷಾ ವಿಧಾನಗಳನ್ನು ಭಾರತೀಯ ಮಾನಕ ಬ್ಯೂರೋ ಐಎಸ್ 101 ಎಂಬ ಮಾಲೆಯಲ್ಲಿ ಕೊಟ್ಟಿದೆ. ಪ್ಲಾಸ್ಟಿಕ್ ಎಮಲ್ಷನ್‌ಗೆ ಐಎಸ್ 15489, ತೊಳೆಯಬಹುದಾದ ಡಿಸ್ಟೆಂಪರಿಗೆ ಐಎಸ್ 428 ಎಂಬ ಮಾನಕಗಳಿವೆ. ಡಬ್ಬಿಯ ಮೇಲೆ ಈ ಸಂಖ್ಯೆ ಮತ್ತು ಐಎಸ್‌ಐ ಗುರುತು ಇದ್ದರೆ ಅದೊಂದು ಆಧಾರ. ಅಷ್ಟಕ್ಕೇ ಕಾಯಬೇಕಿಲ್ಲ. ಶಿಕ್ಷಕರು ವಿದ್ಯಾರ್ಥಿಗಳೊಂದಿಗೆ ಮಾಡಬಹುದಾದ ಸರಳ ಹೋಲಿಕೆಗಳು ಇಲ್ಲಿವೆ. ಎರಡು ಮೂರು ಬಗೆಯ ಎಮಲ್ಷನ್ ಅಥವಾ ಡಿಸ್ಟೆಂಪರಿನ ಚಿಕ್ಕ ಡಬ್ಬಿಗಳು ಸಾಕು.

1. ಮರೆಮಾಚುವ ಸಾಮರ್ಥ್ಯ: 25 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಬಿಳಿ ರಟ್ಟಿನ ಮೇಲೆ ಕಪ್ಪು ಪಟ್ಟೆ ಎಳೆಯಿರಿ. ಸಿರಿಂಜಿನಿಂದ 10 ಮಿಲಿಲೀಟರ್ ಬಣ್ಣ ಹಾಕಿ ಸಮನಾಗಿ ಹರಡಿ. ಹಸಿ ಪದರ 100 ಮೈಕ್ರೊಮೀಟರ್ ಆಗುತ್ತದೆ. ಒಣಗಿದ ಮೇಲೆ ಯಾವ ಬಣ್ಣದಡಿ ಪಟ್ಟೆ ಹೆಚ್ಚು ಕಾಣುತ್ತದೆ? ಬ್ರಷ್ಷಿಗೆ ಅಂಟಿ ಉಳಿಯುವ ಬಣ್ಣ ಸಣ್ಣ ದೋಷ ತರುತ್ತದೆ. ಮೊದಲೇ ಬ್ರಷ್ಷನ್ನು ಅದೇ ಬಣ್ಣದಲ್ಲಿ ಅದ್ದಿ ಹಿಂಡಿಕೊಳ್ಳಿ.

2. ಘನಭಾಗ: ತೂಕ ಮಾಡಿದ ತಗಡಿನ ಮುಚ್ಚಳದಲ್ಲಿ 10 ಗ್ರಾಂ ಬಣ್ಣ ತೆಳುವಾಗಿ ಹರಡಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಉಳಿದ ತೂಕವೇ ಘನಭಾಗ. ಇದು ತೂಕದ ಲೆಕ್ಕ. ಗಾತ್ರದ್ದಲ್ಲ ಎಂಬುದನ್ನು ವಿದ್ಯಾರ್ಥಿಗಳಿಗೆ ವಿವರಿಸಿ.

3. ನೀರಿನ ಹನಿ: ಪೂರ್ತಿ ಒಣಗಿದ ಪದರದ ಮೇಲೆ ನೀರಿನ ಹನಿ ಇಟ್ಟು ಐದು ನಿಮಿಷ ಬಿಟ್ಟು ಒತ್ತಿ ತೆಗೆಯಿರಿ. ಆ ಜಾಗ ಕಪ್ಪಾಗಿದ್ದರೆ ಸಂದುಗಳಲ್ಲಿದ್ದ ಗಾಳಿಯನ್ನು ನೀರು ಹೊರದೂಡಿದೆ ಎಂದರ್ಥ. ಬಂಧಕ ಸಾಲದ ಬಣ್ಣದಲ್ಲಿ ಇದು ಎದ್ದು ಕಾಣುತ್ತದೆ.

4. ಉಜ್ಜು: ಬಣ್ಣ ಬಳಿದು ಎರಡು ವಾರ ಬಿಟ್ಟು, ಒದ್ದೆ ಕಪ್ಪು ಬಟ್ಟೆಯನ್ನು ಅರ್ಧ ಕಿಲೋ ತೂಕದ ಬಟ್ಟಿಗೆ ಸುತ್ತಿ 50 ಸಲ ಎಳೆಯಿರಿ. ಬಟ್ಟೆಗೆ ಅಂಟಿದ ಪುಡಿಯನ್ನು ಹೋಲಿಸಿ.

5. ಆಮ್ಲ: ಗಾಜಿನ ಮೇಲೆ ಒಣಗಿಸಿದ ಪದರಕ್ಕೆ ಶಿಕ್ಷಕರೇ ಒಂದು ಹನಿ ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲ ಹಾಕಲಿ. ಗುಳ್ಳೆಗಳು ಎದ್ದರೆ ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಒಳ್ಳೆಯ ಬಣ್ಣದಲ್ಲೂ ಅದು ಸ್ವಲ್ಪ ಇರಬಹುದು. ಬಂಧಕ ಕಡಿಮೆಯಿದ್ದು ಪುಡಿ ಬಯಲಾಗಿರುವಲ್ಲಿ ಗುಳ್ಳೆಗಳ ರಭಸ ಹೆಚ್ಚು.

ಯಾವುದನ್ನು ಕೊಳ್ಳಬೇಕು?

ಎಲ್ಲ ಗೋಡೆಗೂ ದುಬಾರಿ ಬಣ್ಣವೇ ಬೇಕೆಂದಿಲ್ಲ. ಯಾರೂ ಮುಟ್ಟದ ಚಾವಣಿಗೆ, ಉಗ್ರಾಣಕ್ಕೆ ಡಿಸ್ಟೆಂಪರೋ ಸುಣ್ಣವೋ ಸಾಕು. ಮಕ್ಕಳ ಕೋಣೆ, ಅಡುಗೆಮನೆ, ಓಡಾಟದ ಪಡಸಾಲೆಗಳಿಗೆ ಬಂಧಕ ಹೆಚ್ಚಿರುವ, ಉಜ್ಜಿದರೆ ತಡೆಯುವ ಎಮಲ್ಷನ್ ಬೇಕು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಗೋಡೆ ತೇವವಿದ್ದರೆ ಮೊದಲು ನೀರಿನ ಮೂಲವನ್ನು ಸರಿಪಡಿಸಿ. ಗಾರೆಯಲ್ಲಿ 10 ಮೈಕ್ರೊಮೀಟರ್ ತ್ರಿಜ್ಯದ ಸೂಕ್ಷ್ಮ ರಂಧ್ರಗಳಿದ್ದರೆ ಲೋಮನಾಳ ಕ್ರಿಯೆಯಿಂದ ನೀರು ಸುಮಾರು ಒಂದೂವರೆ ಮೀಟರ್ ಮೇಲೇರಬಲ್ಲದು. ಅದರ ಮೇಲೆ ಎಂಥ ದುಬಾರಿ ಬಣ್ಣ ಬಳಿದರೂ ಗುಳ್ಳೆಯೆದ್ದು ಕಳಚುತ್ತದೆ. ಹೊಸ ಗಾರೆಯಾದರೆ ಚೆನ್ನಾಗಿ ಆರಿದ ಮೇಲೆಯೇ ಪ್ರೈಮರ್ ಬಳಿಸಿ.

ಔಷಧದ ಚೀಟಿಯ ಮೇಲೆ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ಗೊಬ್ಬರದ ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಶೇಕಡ ಎಷ್ಟೆಂದು ಬರೆದಿರುತ್ತದೆ. ಅಕ್ಷರ ಬಲ್ಲ ರೈತ ಅದನ್ನು ಓದಿ ಕೊಳ್ಳುತ್ತಾನೆ. ಬಣ್ಣದ ಡಬ್ಬಿಯ ಮೇಲೂ ಘನಭಾಗದ ಗಾತ್ರ, ಅದರಲ್ಲಿ ಬಂಧಕದ ಪಾಲು, ಬೆಳಕಿನ ಪ್ರತಿಫಲನಾಂಶ ಈ ಮೂರು ಸಂಖ್ಯೆಗಳು ಇರಲಿ ಎಂದು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ. ಕೊಳ್ಳುವವರು ಕೇಳದಿದ್ದರೆ ಮಾರುವವರು ಬರೆಯುವುದಿಲ್ಲ. ಮುಂದಿನ ಸಲ ನಿಮ್ಮ ಶಾಲೆಗೋ ಮನೆಗೋ ಬಣ್ಣ ಕೊಳ್ಳಲು ಹೋದಾಗ ಶೇಡ್ ಕಾರ್ಡು ಬಿಡಿಸುವ ಮೊದಲು ತಾಂತ್ರಿಕ ಮಾಹಿತಿ ಹಾಳೆಯನ್ನು ಕೇಳಿ. ಎನಾಮೆಲ್ ಡಬ್ಬಿಯಾದರೆ ಸೀಸದ ಬಗೆಗಿನ ಸಾಲನ್ನು ಹುಡುಕಿ ಓದಿ. ಆ ಸಾಲು ಇಲ್ಲದ ಡಬ್ಬಿಯನ್ನು ಅಲ್ಲೇ ಬಿಟ್ಟುಬನ್ನಿ.